ದಿನವಹಿ ನೋಡಿ ಖಾತೆ ತಿದ್ದಿದವರು

ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿ ಬಂದರೆ ಅರ್ಜಿ ಕೊಟ್ಟು ತಿದ್ದಿಸುತ್ತೇವೆ. ಅದು ದಾಖಲೆಯೊಳಗಿನ ತಪ್ಪು. ದಾಖಲೆಗಳನ್ನು ಕಾಪಾಡಬೇಕಾದ ತಂತ್ರಾಂಶವೇ ತಪ್ಪಿದರೆ? ಲಕ್ಷಾಂತರ ದಾಖಲೆಗಳನ್ನು ಜೋಡಿಸಿಟ್ಟು, ಕೇಳಿದ್ದನ್ನು ಕ್ಷಣದಲ್ಲಿ ಹುಡುಕಿಕೊಡುವ ತಂತ್ರಾಂಶಕ್ಕೆ ಡೇಟಾಬೇಸ್ ಎಂದು ಹೆಸರು. ಅದರೊಳಗಿನ ದೋಷಕ್ಕೆ ‘ಬಗ್’ ಎನ್ನುತ್ತಾರೆ.

ಕೆಲವು ಡೇಟಾಬೇಸ್‌ಗಳ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ದೋಷ ಕಂಡರೆ ತಿಳಿಸಬಹುದು. ಪೋಸ್ಟ್‌ಗ್ರೆಸ್ ಅಂಥದ್ದು. 1986ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಆರಂಭಿಸಿದ ಈ ಕೆಲಸವನ್ನು ಈಗ ಅನೇಕ ದೇಶಗಳ ಜನ ಮುಂದುವರಿಸುತ್ತಿದ್ದಾರೆ. ಅವರ ಭಾರತದ ಸಮ್ಮೇಳನಗಳು ನಮ್ಮ ಬೆಂಗಳೂರಿನಲ್ಲೇ ನಡೆದಿವೆ.

2018ರಲ್ಲಿ ಕ್ರೇಗ್ ರಿಂಗರ್ ಎಂಬ ತಂತ್ರಜ್ಞರು ಇದರಲ್ಲೊಂದು ವಿಚಿತ್ರ ದೋಷವನ್ನು ಬಯಲಿಗೆ ತಂದರು. ಅಂಗಡಿಯ ಉದಾಹರಣೆಯಿಂದ ನೋಡೋಣ. ವ್ಯಾಪಾರಿ ಮೊದಲು ದಿನವಹಿಯಲ್ಲಿ ಬರೆಯುತ್ತಾನೆ, ಬಿಡುವಾದಾಗ ಖಾತೆ ಪುಸ್ತಕಕ್ಕೆ ಇಳಿಸುತ್ತಾನೆ. ಪೋಸ್ಟ್‌ಗ್ರೆಸ್ ಮಾಡುವುದೂ ಹಾಗೆಯೇ. ಖಾತೆಗೆ ಇಳಿಸುವ ಕೆಲಸವನ್ನು ಅದು ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೆ, ಉದಾಹರಣೆಗೆ ಲಿನಕ್ಸ್‌ಗೆ, ಒಪ್ಪಿಸಿ ‘ಬರೆದಾಯಿತೇ?’ ಎಂದು ಕೇಳುತ್ತದೆ. ಡಿಸ್ಕ್ ಕೈಕೊಟ್ಟರೆ ‘ಆಗಲಿಲ್ಲ’ ಎಂಬ ಉತ್ತರ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರೆ ‘ಆಯಿತು’ ಎನ್ನುತ್ತದೆ! ಬರೆದದ್ದರಿಂದಲ್ಲ, ಮೊದಲ ಸಲ ಸೋತಾಗಲೇ ಆ ಹಾಳೆಯನ್ನು ಬಾಕಿ ಪಟ್ಟಿಯಿಂದ ತೆಗೆದುಬಿಟ್ಟಿದ್ದರಿಂದ. ಪೋಸ್ಟ್‌ಗ್ರೆಸ್ ಅದನ್ನು ನಂಬಿ, ಇನ್ನು ಬೇಡವೆಂದು ದಿನವಹಿಯ ಪುಟವನ್ನೂ ವಿಲೇವಾರಿ ಮಾಡುತ್ತಿತ್ತು. ಲೆಕ್ಕ ಎರಡೂ ಕಡೆಯಿಂದ ಮಾಯ!

ಡಿಸ್ಕ್ ಹೀಗೆ ಕೆಡುವುದು ಅಪರೂಪ. ಆದ್ದರಿಂದಲೇ ಸುಮಾರು ಇಪ್ಪತ್ತು ವರ್ಷ ಈ ತಪ್ಪು ಅಡಗಿ ಕುಳಿತಿತ್ತು.

ವರದಿ ಬಂದ ಕೂಡಲೇ ಎಲ್ಲರೂ ತಲೆಯಾಡಿಸಲಿಲ್ಲ. ತಪ್ಪು ಪೋಸ್ಟ್‌ಗ್ರೆಸ್‌ನದೋ, ಲಿನಕ್ಸ್‌ನದೋ ಎಂಬ ವಾದ ಎಲ್ಲರೂ ಓದಬಹುದಾದಂತೆ ನಡೆಯಿತು. ಲಿನಕ್ಸ್ ಕಟ್ಟುವವರೂ ಬಂದು ಕೂಡಿಕೊಂಡರು. ವಾದ ಜಗಳವಾಗದೆ ಉಳಿದದ್ದು ವರದಿಯ ಗುಣದಿಂದ ಎಂದು ನನ್ನ ಭಾವನೆ. ಏನು ಮಾಡಿದಾಗ, ಯಾವ ಹಂತದಲ್ಲಿ, ಏನಾಗಬೇಕಿತ್ತು, ಏನಾಯಿತು ಎಂಬುದೆಲ್ಲ ಅದರಲ್ಲಿತ್ತು. ‘ಸಾರ್, ಪ್ರಯೋಗ ಬರಲಿಲ್ಲ’ ಎಂದು ಬಂದು ನಿಲ್ಲುವ ವಿದ್ಯಾರ್ಥಿಗೂ, ‘ಮೂರನೆಯ ಹನಿ ಬಿದ್ದಾಗಲೇ ಬಣ್ಣ ಹೋಯಿತು, ಎರಡು ಸಲ ಮಾಡಿದೆ’ ಎನ್ನುವವನಿಗೂ ಇರುವ ಅಂತರ ಅದು. ಎರಡನೆಯವನಿಗೆ ಮೇಷ್ಟ್ರು ಸಹಾಯ ಮಾಡಬಲ್ಲರು.

2019ರ ಫೆಬ್ರುವರಿಯಲ್ಲಿ ಪರಿಹಾರ ಹೊರಬಂತು. ‘ಆಗಲಿಲ್ಲ’ ಎಂಬ ಉತ್ತರ ಬಂದರೆ ಮತ್ತೆ ಕೇಳುವುದು ಬೇಡ. ಕೆಲಸ ನಿಲ್ಲಿಸಿ, ದಿನವಹಿ ತೆರೆದು, ಲೆಕ್ಕವನ್ನು ಹೊಸದಾಗಿ ಇಳಿಸಬೇಕು. ತಂತ್ರಾಂಶ ತಾನಾಗಿಯೇ ನಿಂತುಬಿಡುವುದೇ ಪರಿಹಾರ ಎಂಬುದು ಮೊದಲು ಕೇಳಿದವರಿಗೆ ನಗು ತರಿಸೀತು. ಆದರೆ ಬ್ಯಾಂಕಿನಲ್ಲಿ ಹತ್ತು ನಿಮಿಷ ಕಾಯುವುದು ಮೇಲೋ, ಕಟ್ಟಿದ ಹಣ ಲೆಕ್ಕದಲ್ಲೇ ಇಲ್ಲದಿರುವುದು ಮೇಲೋ?

ನಮ್ಮ ಮೊಬೈಲುಗಳೊಳಗೆ ಇರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನವರು ಇನ್ನೂ ಕಟ್ಟುನಿಟ್ಟು. ಆ ದೋಷವನ್ನು ಹಿಡಿದು ತೋರಿಸುವ ಪರೀಕ್ಷೆಯೊಂದನ್ನು ಹೊಸದಾಗಿ ಸೇರಿಸುವವರೆಗೂ ದೋಷ ಸರಿಹೋಯಿತೆಂದು ಅವರು ಒಪ್ಪುವುದಿಲ್ಲ. ಹಾಗೆ ಬೆಳೆದ ಪರೀಕ್ಷೆಗಳ ಬರಹ ಮೂಲ ತಂತ್ರಾಂಶದ ನೂರಾರು ಪಟ್ಟು ಇದೆ.

ಪೋಸ್ಟ್‌ಗ್ರೆಸ್‌ನವರು ಆ ತಿದ್ದುಪಡಿಯನ್ನು ಹೊಸ ಆವೃತ್ತಿಗೆ ಮಾತ್ರವಲ್ಲ, ಆಗ ಬಳಕೆಯಲ್ಲಿದ್ದ ಹಳೆಯ ನಾಲ್ಕಕ್ಕೂ ಕೊಟ್ಟರು. ಒಂದೊಂದು ಮುಖ್ಯ ಆವೃತ್ತಿಗೆ ಅವರ ಆರೈಕೆ 5 ವರ್ಷ. ಆ ನಾಲ್ಕರಲ್ಲಿ ಹಿರಿಯದಾದ 9.4ರ ಅವಧಿ ಮರುವರ್ಷ, 2020ರ ಫೆಬ್ರುವರಿಯಲ್ಲಿ, ಮುಗಿಯಿತು.