ದುಡಿಯುವವರ ಮನಸ್ಸಿನ ಆರೋಗ್ಯ

ಕೆಲಸದ ನಡುವೆ ಯಂತ್ರಕ್ಕೆ ಸಿಕ್ಕಿ ಕೈ ಕಳಕೊಂಡ ಕಾರ್ಮಿಕನಿಗೆ ಧನಿಯು ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1923ರಲ್ಲೇ ರೂಪುಗೊಂಡಿತು. ಅದಾಗಿ ನೂರು ವರ್ಷಗಳು ಕಳೆದವು. ಆದರೆ ಕೆಲಸದ ಹೊರೆಗೆ ಸಿಕ್ಕಿ ಮನಸ್ಸು ಕುಗ್ಗಿದವನಿಗೆ ಇಂದಿಗೂ ದೊರೆಯುವುದು ‘ಅವನಿಗೆ ಧೈರ್ಯ ಸಾಲದು’ ಎಂಬ ಮಾತು ಮಾತ್ರ. ಮುರಿದ ಕೈ ಕಣ್ಣಿಗೆ ಕಾಣುತ್ತದೆ, ಕುಗ್ಗಿದ ಮನಸ್ಸು ಕಾಣುವುದಿಲ್ಲ. ಕಾಣದಿರುವುದನ್ನೆಲ್ಲ ಇಲ್ಲವೆಂದೇ ತಿಳಿಯುವುದು ಎಷ್ಟರ ಮಟ್ಟಿನ ನ್ಯಾಯ?

2024ರ ಜುಲೈಯಲ್ಲಿ ಕೊಚ್ಚಿಯ ಯುವತಿಯೊಬ್ಬಳು ಪುಣೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗುವಷ್ಟರಲ್ಲಿ ತೀರಿಕೊಂಡಳು. ಲೆಕ್ಕಪರಿಶೋಧಕಿಯಾಗಿದ್ದ ಅವಳಿಗೆ ಆಗಿದ್ದುದು ಕೇವಲ 26 ವರ್ಷ. ಮಿತಿಯಿಲ್ಲದ ಕೆಲಸವೇ ಮಗಳನ್ನು ಬಲಿ ತೆಗೆದುಕೊಂಡಿತೆಂದು ತಾಯಿ ಬರೆದ ಪತ್ರ ದೇಶದ ಗಮನ ಸೆಳೆಯಿತು. ಸಂಸ್ಥೆಯು ಆ ಆರೋಪವನ್ನು ಒಪ್ಪಲಿಲ್ಲ. ಸಾವಿನ ಕಾರಣ ಏನೇ ಇರಲಿ, ಆ ಪತ್ರವನ್ನು ಓದಿದ ಸಾವಿರಾರು ಮಂದಿ ‘ನಮ್ಮ ಸ್ಥಿತಿಯೂ ಇದೇ’ ಎಂದು ಹೇಳಿಕೊಂಡದ್ದು ಮರೆಯುವಂತಹದ್ದಲ್ಲ. ಖಿನ್ನತೆ ಮತ್ತು ಆತಂಕಗಳಿಂದಾಗಿ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಮಾನವೀಯತೆಯ ಮಾತು ರುಚಿಸದ ಮಾಲಿಕರು ಈ ಲೆಕ್ಕವನ್ನಾದರೂ ನೋಡಬೇಕು.

ಇದು ದೊಡ್ಡ ನಗರಗಳ ದೊಡ್ಡ ಸಂಬಳದವರ ಸಮಸ್ಯೆಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ಜಿಲ್ಲೆಯ ಸ್ಥಿತಿಯನ್ನೇ ನೋಡೋಣ. 1984ರಲ್ಲಿ ಕಾಸರಗೋಡು ಜಿಲ್ಲೆ ಹುಟ್ಟಿದರೂ, ಇದು ಶಿಕ್ಷೆಯ ವರ್ಗಾವಣೆಯ ಜಾಗವೆಂಬ ಅಪಖ್ಯಾತಿ ಇನ್ನೂ ಅಳಿದಿಲ್ಲ. ತೆಂಕಣ ಜಿಲ್ಲೆಗಳಿಂದ ಬಂದ ನೌಕರನು ಮನೆಮಂದಿಯನ್ನು ಅಲ್ಲಿ ಬಿಟ್ಟು, ಇಲ್ಲಿ ಬಾಡಿಗೆ ಕೋಣೆಯಲ್ಲಿ ದಿನ ಎಣಿಸುತ್ತಾನೆ. ವರ್ಗವಾಗಿ ಹೋದವನ ಕುರ್ಚಿ ತಿಂಗಳುಗಟ್ಟಲೆ ಖಾಲಿ ಬಿದ್ದರೆ, ಅವನ ಕಡತಗಳೆಲ್ಲ ಪಕ್ಕದವನ ಮೇಜಿಗೆ ಬರುತ್ತವೆ. ಇಬ್ಬರ ಕೆಲಸವನ್ನು ಒಬ್ಬನು ಮಾಡಿ, ಮೇಲಧಿಕಾರಿಯ ಗದರಿಕೆಯನ್ನೂ ಜನರ ಬೈಗಳನ್ನೂ ಒಬ್ಬನೇ ಕೇಳಬೇಕಾಗುತ್ತದೆ.

ಭಾಷೆಯ ತೊಡಕು ಬೇರೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಶಾಸನ ಹೇಳುತ್ತದೆ. ಹಾಗಿದ್ದರೂ ಕನ್ನಡದ ಒಂದಕ್ಷರ ತಿಳಿಯದವರನ್ನು ಮಂಜೇಶ್ವರದ ಕಚೇರಿಯಲ್ಲಿ ತಂದು ಕೂರಿಸಿದರೆ ಆಗುವುದೇನು? ಅರ್ಜಿದಾರನ ಸಂಕಟವನ್ನು ಈ ಅಂಕಣದಲ್ಲಿ ನಾವು ಹಲವು ಸಲ ಹೇಳಿದ್ದೇವೆ. ಮೇಜಿನ ಆಚೆ ಕುಳಿತವನ ಸಂಕಟವನ್ನೂ ಹೇಳಲೇಬೇಕು. ಓದಲಾರದ ಅರ್ಜಿ, ಅರ್ಥವಾಗದ ಮಾತು, ದಿನವಿಡೀ ಜಗಳ. ಲೋಕಸೇವಾ ಆಯೋಗದ ಪರೀಕ್ಷೆ ಪಾಸಾಗಿ ದೂರದ ಜಿಲ್ಲೆಗೆ ಹೋದ ನಮ್ಮ ಹುಡುಗರು ಮಲಯಾಳದಲ್ಲಿ ಟಿಪ್ಪಣಿ ಬರೆಯಲು ತಡವರಿಸಿ ನಗೆಪಾಟಲಾಗುವ ಕಷ್ಟವೂ ಇದೇ ಜಾತಿಯದು. ಎರಡು ಕಡೆಯೂ ನೋಯುವುದು ನೌಕರನ ಸ್ವಾಭಿಮಾನವೇ.

ಬಟ್ಟೆಯಂಗಡಿಗಳಲ್ಲಿ ದುಡಿಯುವ ಹೆಂಗಸರಿಗೆ ಬೆಳಗಿನಿಂದ ರಾತ್ರಿಯವರೆಗೆ ಕುಳಿತುಕೊಳ್ಳುವ ಅನುಮತಿಯೂ ಇಲ್ಲದ ಕಾಲವೊಂದಿತ್ತು. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಇರುತ್ತಿದ್ದವರೂ ಇದ್ದರು. ಕೋಝಿಕ್ಕೋಡಿನ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳವು ಅಂಗಡಿಗಳ ಕಾನೂನಿಗೆ ತಿದ್ದುಪಡಿ ತಂದು ಕುಳಿತುಕೊಳ್ಳುವ ಹಕ್ಕನ್ನು ಕೊಟ್ಟಿತು. 2021ರಲ್ಲಿ ತಮಿಳುನಾಡು ಇದೇ ದಾರಿ ಹಿಡಿಯಿತು. ಒಂದು ಸ್ಟೂಲಿನಿಂದ ಕಾಲುನೋವು ಮಾತ್ರ ಕಡಿಮೆಯಾಯಿತೆಂದು ತಿಳಿಯಬಾರದು, ಅವಮಾನವೂ ಕಡಿಮೆಯಾಯಿತು. ಮನಸ್ಸಿನ ಆರೋಗ್ಯಕ್ಕೆ ಬೇಕಾದುದು ಹಲವು ಸಲ ಇಂತಹ ಸಣ್ಣ ಸಂಗತಿಯೇ ಆಗಿರುತ್ತದೆ.

ಈ ವಿವೇಕವನ್ನು ಹೊರಗಿನವರಿಂದ ಕಲಿಯಬೇಕಾದ ಅಗತ್ಯ ನಮಗಿಲ್ಲ. 1968ರಲ್ಲಿ ಬೀಡಿ ಕಾರ್ಮಿಕರ ಕಾನೂನು ಜಾರಿಗೆ ಬಂದಾಗ ಮಂಗಳೂರು ಮೂಲದ ಕಂಪೆನಿಗಳು ಈ ಭಾಗದ ತಮ್ಮ ಕೆಲಸವನ್ನು ನಿಲ್ಲಿಸಿದವು. ಬೀದಿಗೆ ಬಿದ್ದ ಕಾರ್ಮಿಕರು 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿಕೊಂಡರು. ಇಲ್ಲಿನ ಬೀಡಿ ಕೆಲಸದ ಕೊಟ್ಟಿಗೆಗಳಲ್ಲಿ ಒಬ್ಬನು ಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಆ ಹೊತ್ತಿನಲ್ಲಿ ಅವನು ಸುತ್ತಬೇಕಾದ ಬೀಡಿಯನ್ನು ಉಳಿದವರು ಸುತ್ತಿ ಅವನ ಕೂಲಿಗೆ ಕೊರತೆಯಾಗದಂತೆ ನೋಡಿಕೊಳ್ಳುತ್ತಿದ್ದರು. ಕೈಗೆ ಒಂದೇ ಬಗೆಯ ಕೆಲಸ, ಆದರೆ ಮನಸ್ಸಿಗೆ ಲೋಕದ ಸುದ್ದಿ, ಚರ್ಚೆ, ನಗು. ಮನೆಯ ಜಗಲಿಯಲ್ಲಿ ಒಂಟಿಯಾಗಿ ಗೆರಸೆ ಹಿಡಿದು ಕೂರುವ ಹೆಂಗಸಿಗೆ ಈ ಭಾಗ್ಯವಿಲ್ಲ. ಅವಳು ದಿನವಿಡೀ ಸುತ್ತಿದ ಬೀಡಿಯಲ್ಲಿ ಒಂದು ಪಾಲನ್ನು ಸರಿಯಿಲ್ಲವೆಂದು ತೆಗೆದುಹಾಕಿದರೆ ಆ ಸಂಕಟವನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಜತೆಗಾತಿಯೂ ಇಲ್ಲ.

ವಿಶ್ವ ಮಾನಸಿಕ ಆರೋಗ್ಯ ದಿನವಾದ ಅಕ್ಟೋಬರ್ 10ರಂದು ಒಂದು ಭಾಷಣ, ಒಂದು ಗಂಟೆಯ ಯೋಗ ಏರ್ಪಡಿಸಿ ಕೈತೊಳೆದುಕೊಳ್ಳುವುದು ಈಗಿನ ರೂಢಿ. ಯೋಗವನ್ನು ನಾವು ಹಳಿಯುವುದಿಲ್ಲ. ಆದರೆ ಯೋಗ ಮುಗಿಸಿದ ನೌಕರನು ಮತ್ತೆ ಅದೇ ಕಡತದ ರಾಶಿಯ ಮುಂದೆ ಕೂರಬೇಕಷ್ಟೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮಾರ್ಗದರ್ಶಿಯೂ ಕೆಲಸದ ವ್ಯವಸ್ಥೆಯನ್ನು ತಿದ್ದಬೇಕು, ಮೇಲಧಿಕಾರಿಗಳಿಗೆ ತರಬೇತಿ ಕೊಡಬೇಕು ಎಂದೇ ಹೇಳುತ್ತದೆ. ಖಾಲಿ ಹುದ್ದೆಗಳನ್ನು ತುಂಬುವುದು, ಕನ್ನಡ ಬಲ್ಲವರನ್ನು ಕನ್ನಡ ಪ್ರದೇಶಕ್ಕೆ ನೇಮಿಸುವುದು, ಕೆಲಸದ ಹೊತ್ತಿಗೆ ಮಿತಿ, ಹಕ್ಕಿನ ರಜೆಯನ್ನು ಮುಖ ಸಿಂಡರಿಸದೆ ಕೊಡುವುದು, ಹತ್ತು ಮಂದಿಯಿರುವಲ್ಲೆಲ್ಲ 2013ರ ಕಾನೂನಿನಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ, ನಾಲ್ಕು ಜನರ ಮುಂದೆ ನೌಕರನನ್ನು ಹೀಯಾಳಿಸದಿರುವುದು: ಇವೇ ನಿಜವಾದ ಮದ್ದು.

ಈಗಾಗಲೇ ಬಳಲಿದವರಿಗೆ ಚಿಕಿತ್ಸೆಯ ದಾರಿಯೂ ತೆರೆದಿದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ವಿಧಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲೂ ಖರ್ಚಿಲ್ಲದೆ ಕರೆಮಾಡಿ ಮಾತನಾಡಬಹುದು; ಕನ್ನಡದಲ್ಲೂ ಮಲಯಾಳದಲ್ಲೂ ಸಹಾಯ ದೊರೆಯುತ್ತದೆ. ಈ ಸಂಖ್ಯೆ ಪ್ರತಿಯೊಂದು ಕಚೇರಿಯ, ಅಂಗಡಿಯ ಗೋಡೆಯ ಮೇಲೆ ಎರಡೂ ಭಾಷೆಗಳಲ್ಲಿ ಇರಲಿ. ಹಾಗೆ ಸಹಾಯ ಕೇಳಿದವನಿಗೆ ‘ತಲೆ ಸರಿಯಿಲ್ಲದವ’ ಎಂಬ ಹಣೆಪಟ್ಟಿ ಕಟ್ಟದಿರುವ ಸೌಜನ್ಯ ಜತೆಯಲ್ಲಿ ದುಡಿಯುವವರಿಗೆ ಇರಲಿ.

ಬೋನಸು, ತುಟ್ಟಿಭತ್ಯೆಗಳಿಗಾಗಿ ದನಿಯೆತ್ತುವ ಕಾರ್ಮಿಕ ಸಂಘಗಳು ಈ ಬೇಡಿಕೆಯನ್ನೂ ತಮ್ಮ ಪಟ್ಟಿಗೆ ಸೇರಿಸಬೇಕು. ಕೌಂಟರಿನ ಈಚೆ ನಿಲ್ಲುವ ನಮ್ಮ ಪಾಲೂ ಇದರಲ್ಲಿದೆ. ಬಸ್ಸಿನ ಕಂಡಕ್ಟರನ ಮೇಲೆ, ಆಸ್ಪತ್ರೆಯ ದಾದಿಯ ಮೇಲೆ, ಗ್ರಾಮ ಕಚೇರಿಯ ಗುಮಾಸ್ತನ ಮೇಲೆ ಸಿಟ್ಟು ತೀರಿಸಿಕೊಳ್ಳುವಾಗ, ಆ ತಪ್ಪು ಅವರದೋ ಅವರ ಮೇಲೆ ಹೊರೆ ಹೇರಿದವರದೋ ಎಂದು ಒಮ್ಮೆ ಯೋಚಿಸುವುದು ಲೇಸು. ಜಿಲ್ಲೆಯ ಖಾಲಿ ಹುದ್ದೆಗಳನ್ನು ತುಂಬುವುದರಿಂದಲೇ ಸರಕಾರವು ಈ ಕೆಲಸಕ್ಕೆ ಮೊದಲಿಡಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?