ಗ್ರ್ಯಾನಿ ಆಟದ ಅಜ್ಜಿಗೆ ಯಾಕಿಷ್ಟು ಹೆದರಿಕೆ?

ಈಗಿನ ದೆವ್ವಗಳಿಗೆ ಹುಣಸೆಮರ ಬೇಕಿಲ್ಲ, ಮೊಬೈಲ್ ಸಾಕು. ಸಂಜೆ ಹೊತ್ತು ದೇವಸ್ಥಾನದ ಕಟ್ಟೆ ಮೇಲೆ ನಾಲ್ಕು ಹುಡುಗರು ಒಂದೇ ಫೋನಿಗೆ ತಲೆ ಬಗ್ಗಿಸಿ ಕೂತು, ಇದ್ದಕ್ಕಿದ್ದಂತೆ ಒಟ್ಟಿಗೇ ಕಿರುಚಿದರೆ, ಅದು ಬಹುಶಃ ಗ್ರ್ಯಾನಿ ಆಟ. 2017ರಲ್ಲಿ ಬಂದದ್ದು. ಕಡಿಮೆ ಬೆಲೆಯ ಫೋನಿನಲ್ಲೂ ಓಡುತ್ತದೆ. ಹಾಗಾಗಿ ಹಳ್ಳಿ ಹಳ್ಳಿಗೂ ಬಂದಿದೆ.

ನೋಡುವ ದೊಡ್ಡವರಿಗೆ ಇದು ಹುಚ್ಚಾಟ. ಅಂಗೈಯಗಲದ ಗಾಜಿನೊಳಗಿನ ಚಿತ್ರಕ್ಕೆ ಎದೆ ಯಾಕೆ ಹೊಡೆದುಕೊಳ್ಳಬೇಕು ಅನ್ನುತ್ತಾರೆ. ನಮಗೆ ಅನ್ನಿಸುವುದು ಬೇರೆ. ಈ ಆಟಗಳು ನಮ್ಮನ್ನು ಹೆದರಿಸುವುದು ನಮ್ಮದೇ ಮನೆಯ ಸಾಮಾನಿನಿಂದ: ಬಾಗಿಲು, ಸದ್ದು, ಕತ್ತಲೆ, ಕರೆಂಟು. ಅದು ಹೇಗೆ ಅಂತ ತಿಳಿದರೆ, ಮಕ್ಕಳ ಹೆದರಿಕೆಯ ಬಗ್ಗೆ ದೊಡ್ಡವರೂ ಒಂದೆರಡು ಮಾತು ಕಲಿಯಬಹುದು.

ಮೊದಲು ಸದ್ದು. ಗ್ರ್ಯಾನಿಯಲ್ಲಿ ನೀವು ಬೀಗ ಹಾಕಿದ ಒಂದು ಮನೆಯೊಳಗೆ ಕಣ್ಣು ಬಿಡುತ್ತೀರಿ. ತಪ್ಪಿಸಿಕೊಳ್ಳಲು ಐದು ದಿನ. ಮನೆಯಲ್ಲಿ ಒಬ್ಬಳು ಅಜ್ಜಿ, ಅವಳ ಕೈಯಲ್ಲಿ ದೊಣ್ಣೆ. ಅವಳ ಕಿವಿ ಬಲು ಚುರುಕು. ನಿಮ್ಮ ಕೈಯಲ್ಲಿದ್ದ ವಸ್ತು ಕೆಳಗೆ ಬಿದ್ದರೆ, ನೆಲದ ಹಲಗೆ ಕಿರ್ರ್ ಅಂದರೆ ಸಾಕು, ಎಲ್ಲಿದ್ದರೂ ಬಂದುಬಿಡುತ್ತಾಳೆ. ಆಗ ಮಂಚದ ಕೆಳಗೋ ಕಪಾಟಿನೊಳಗೋ ಅಡಗಬೇಕು.

ಇದರಲ್ಲಿ ದೆವ್ವದ ವಿದ್ಯೆ ಏನಿದೆ? ನಾಟಕ ನೋಡಿ ನಡುರಾತ್ರಿ ಮನೆಗೆ ಬಂದು, ಅಪ್ಪನಿಗೆ ಎಚ್ಚರವಾಗದ ಹಾಗೆ ಒಳಗೆ ಹೆಜ್ಜೆ ಇಡುವಾಗ ಕಾಲಿಗೆ ಚೊಂಬು ತಾಗಿ ಉರುಳಿದ್ದು ಯಾರಿಗೆ ಗೊತ್ತಿಲ್ಲ? ಅದೇ ಚೊಂಬು ಹಗಲು ಬಿದ್ದರೆ ಯಾರೂ ತಿರುಗಿಯೂ ನೋಡುವುದಿಲ್ಲ. ರಾತ್ರಿ ಬಿದ್ದರೆ ಜೀವ ಬಾಯಿಗೆ ಬರುತ್ತದೆ. ಆ ಅರೆಗಳಿಗೆಯನ್ನೇ ಎಳೆದೆಳೆದು ಆಟ ಮಾಡಿದ್ದಾರೆ. ಮೇಲಾಗಿ ಅಲ್ಲಿ ಬರುವವಳು ಅಜ್ಜಿ. ಹೆದರಿಕೆಯಾದಾಗ ನಾವೆಲ್ಲ ಓಡಿಹೋಗಿ ಸೆರಗು ಹಿಡಿಯುತ್ತಿದ್ದದ್ದು ಅಜ್ಜಿಯದ್ದೇ. ಅವಳಿಂದಲೇ ಓಡಬೇಕಾದರೆ ಇನ್ನೆಲ್ಲಿಗೆ ಹೋಗುವುದು?

ಎರಡನೆಯದು, ಕಾಣದಿರುವುದು. 1999ರಲ್ಲಿ ಜಪಾನಿನ ಕೊನಾಮಿ ಕಂಪನಿ ಸೈಲೆಂಟ್ ಹಿಲ್ ಅನ್ನುವ ಆಟ ತಂದಿತು. ಕಳೆದುಹೋದ ಮಗಳನ್ನು ಹುಡುಕುತ್ತಾ ಅಪ್ಪ ಒಬ್ಬ ಮಂಜು ಕವಿದ ಊರೊಳಗೆ ನಡೆಯುತ್ತಾನೆ. ಆ ಕಾಲದ ಪ್ಲೇಸ್ಟೇಶನ್ ಯಂತ್ರಕ್ಕೆ ದೂರದ ಬೀದಿಗಳನ್ನೆಲ್ಲ ಒಟ್ಟಿಗೆ ಚಿತ್ರಿಸಿ ತೋರಿಸುವ ಶಕ್ತಿ ಇರಲಿಲ್ಲ. ಆ ಕೊರತೆ ಮುಚ್ಚಲು ಮಂಜು ಹಾಕಿದರು. ಕೊನೆಗೆ ಆ ಮಂಜೇ ಆಟದ ದೊಡ್ಡ ಭಯವಾಯಿತು! ಅಪ್ಪನ ಜೇಬಿನಲ್ಲಿ ಒಂದು ಪುಟ್ಟ ರೇಡಿಯೊ ಇರುತ್ತದೆ. ಪಿಶಾಚಿಗಳು ಹತ್ತಿರ ಬಂದರೆ ಅದು ಗೊರಗೊರ ಅನ್ನುತ್ತದೆ. ಏನೋ ಬಂದಿದೆ ಅಂತ ಗೊತ್ತಾಗುತ್ತದೆ, ಎಲ್ಲಿದೆ ಅಂತ ಕಾಣುವುದಿಲ್ಲ.

ನಮ್ಮ ಕಡೆ ಆ ಕೆಲಸ ಮಾಡುವುದು ನಾಯಿ. ರಾತ್ರಿ ಎರಡು ಗಂಟೆಗೆ ಕೊಟ್ಟಿಗೆ ಕಡೆ ಮುಖ ಮಾಡಿ ನಾಯಿ ಬೊಗಳಿದರೆ, ಹೊದ್ದು ಮಲಗಿದವರ ತಲೆಯಲ್ಲಿ ಕಳ್ಳ, ಚಿರತೆ, ದೆವ್ವ ಎಲ್ಲವೂ ಸಾಲಾಗಿ ಬಂದು ಹೋಗುತ್ತವೆ. ಎದ್ದು ಲೈಟ್ ಹಾಕಿ ನೋಡಿದರೆ ಬೆಕ್ಕು. ಕಂಡದ್ದಕ್ಕೆ ಒಂದೇ ರೂಪ, ಕಾಣದ್ದಕ್ಕೆ ನೂರು.

ಮೂರನೆಯದು ನಮಗೆ ಇನ್ನೂ ಚೆನ್ನಾಗಿ ಗೊತ್ತು: ಕರೆಂಟು. 2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಆಟದಲ್ಲಿ ನೀವು ರಾತ್ರಿ ಕಾವಲುಗಾರ. ಮಕ್ಕಳ ಪಿಜ್ಜಾ ಹೋಟೆಲಿನ ಯಂತ್ರದ ಗೊಂಬೆಗಳು ರಾತ್ರಿ ಎದ್ದು ಓಡಾಡುತ್ತವೆ. ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಜೀವ ಉಳಿಸಿಕೊಳ್ಳಬೇಕು. ಬಾಗಿಲು ಮುಚ್ಚಿದರೂ ಕರೆಂಟು ಖರ್ಚು, ಲೈಟ್ ಹಾಕಿದರೂ ಖರ್ಚು, ಕ್ಯಾಮೆರಾ ನೋಡಿದರೂ ಖರ್ಚು. ಮುಗಿದರೆ ಕತ್ತಲೆ. ಹೆದರಿಕೆಯಾಯಿತು ಅಂತ ಪದೇ ಪದೇ ಲೈಟ್ ಹಾಕುವವನದೇ ಮೊದಲು ಖಾಲಿಯಾಗುತ್ತದೆ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದಾಗ ಟಾರ್ಚಿನ ಚಾರ್ಜನ್ನು ಲೆಕ್ಕ ಹಾಕಿ ಖರ್ಚು ಮಾಡಿದವರಿಗೆ ಈ ಆಟವನ್ನು ಬಿಡಿಸಿ ಹೇಳಬೇಕಿಲ್ಲ.

ಸಿನಿಮಾಕ್ಕೂ ಆಟಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಆಪ್ತಮಿತ್ರದಲ್ಲಿ ನಾಗವಲ್ಲಿ ಬಂದಾಗ ಕಣ್ಣು ಮುಚ್ಚಿಕೊಂಡರೂ ಸಿನಿಮಾ ತನ್ನ ಪಾಡಿಗೆ ಮುಂದೆ ಹೋಗುತ್ತದೆ, ಭಯ ದಾಟುತ್ತದೆ. ಆಟದಲ್ಲಿ ನೀವು ಹೆಜ್ಜೆ ಇಡದಿದ್ದರೆ ಕತೆ ಅಲ್ಲೇ ನಿಲ್ಲುತ್ತದೆ. ಆ ಬಾಗಿಲನ್ನು ನಿಮ್ಮ ಹೆಬ್ಬೆರಳೇ ತೆರೆಯಬೇಕು. ಸಿಕ್ಕಿಬಿದ್ದರೆ ‘ಅವನು ಯಾಕೆ ಒಳಗೆ ಹೋದ, ದಡ್ಡ’ ಅಂತ ಬೈಯಲು ಇನ್ನೊಬ್ಬನಿಲ್ಲ.

ಇಷ್ಟಿದ್ದರೂ ಮಕ್ಕಳು ಮತ್ತೆ ಮತ್ತೆ ಆಡುವುದು ಯಾಕೆ? ನಮ್ಮ ಮುಖ್ಯ ಮಾತು ಇರುವುದೇ ಇಲ್ಲಿ. ಆಟದ ಭಯಕ್ಕೆ ಒಂದು ನಿಯಮ ಇರುತ್ತದೆ. ಸದ್ದು ಮಾಡಿದರೆ ಅಜ್ಜಿ ಬರುತ್ತಾಳೆ, ಮಾಡದಿದ್ದರೆ ಬಚಾವಾಗಬಹುದು. ನಿಯಮ ಅರ್ಥವಾಗುತ್ತಾ ಹೋದ ಹಾಗೆ ಭಯ ಇಳಿಯುತ್ತದೆ. ಹತ್ತನೇ ಸಲಕ್ಕೆ ಹುಡುಗರು ಬೇಕೆಂದೇ ಸದ್ದು ಮಾಡಿ, ಅವಳನ್ನು ಒಂದು ಕಡೆ ಕರೆದು, ಇನ್ನೊಂದು ಕಡೆಯಿಂದ ಜಾರಿಕೊಳ್ಳುತ್ತಾರೆ. ಅದೇ 2014ರಲ್ಲೇ ಬಂದ ಏಲಿಯನ್: ಐಸೊಲೇಶನ್ ಆಟದಲ್ಲಿ ಬೆನ್ನು ಹತ್ತುವ ಪ್ರಾಣಿಗೆ ಗೊತ್ತಾದ ದಾರಿಯೇ ಇಲ್ಲ. ಅದನ್ನು ಕೊಲ್ಲಲೂ ಆಗದು. ಇಂಥ ಕಡೆ, ಇಷ್ಟು ಹೊತ್ತಿಗೆ ಬರುತ್ತದೆ ಅಂತ ಬಾಯಿಪಾಠ ಮಾಡಲು ಆಗದು. ಅದಕ್ಕೇ ಅದರ ಭಯ ಅಷ್ಟು ಬೇಗ ಇಳಿಯುವುದಿಲ್ಲ.

ಹಿಂದಿನವರಿಗೂ ಇದು ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರು ಮತ್ತು ಹಲವು ಊರುಗಳಲ್ಲಿ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ದೆವ್ವ ಬಂದು, ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುತ್ತದಂತೆ. ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದರು. ದೆವ್ವ ಓದಿಕೊಂಡು ವಾಪಸು ಹೋಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದಂತೆ. ಕೇಳಲು ನಗು ಬರುತ್ತದೆ. ಆದರೆ ಒಂದು ಸೀಮೆಸುಣ್ಣ ಇಡೀ ಮನೆಗೆ ನಿದ್ದೆ ಕೊಟ್ಟಿತು. ಹೆದರಿದವರಿಗೆ ಮಾಡಲು ಒಂದು ಕೆಲಸ ಸಿಕ್ಕಿತು.

ಈಗ ನಾವು ಮಕ್ಕಳಿಗೆ ಕೊಡುವ ಭಯ ನೋಡಿ. ಊಟ ಮಾಡದಿದ್ದರೆ ಗುಮ್ಮ, ಮಲಗದಿದ್ದರೆ ಗುಮ್ಮ, ಹಿತ್ತಿಲಿಗೆ ಹೋದರೂ ಗುಮ್ಮ. ಇವತ್ತು ತಟ್ಟೆ ಖಾಲಿ ಮಾಡಿದ ಮಗುವಿಗೂ ನಾಳೆ ಅದೇ ಗುಮ್ಮ. ಆ ಆಟದಲ್ಲಿ ಮಗು ಗೆಲ್ಲಲು ದಾರಿಯೇ ಇಲ್ಲ. ನಾವೇ ಹೀಗೆ ಹೆದರಿಸಿ ಬೆಳೆಸಿ, ಕೊನೆಗೆ ‘ಮೊಬೈಲ್ ಆಟ ಮಕ್ಕಳನ್ನು ಪುಕ್ಕಲು ಮಾಡುತ್ತದೆ’ ಅನ್ನುವುದು ಸರಿಯೇ?

ಇನ್ನು ನಿಜವಾದ ಅಪಾಯಗಳು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಮೋಟಾರು ಹಾಕಲು ಹೊಲಕ್ಕೆ ಹೋಗಬೇಕು. ಕೆಲವು ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ, ಕಾಡಂಚಿನಲ್ಲಿ ಆನೆ, ಎಲ್ಲ ಕಡೆ ಹಾವು. ಅಲ್ಲಿ ಆಟ ನಿಲ್ಲಿಸುವ ಬಟನ್ ಇಲ್ಲ, ಏಟು ಬಿದ್ದ ಮೇಲೆ ಮಂಚದಲ್ಲಿ ಮತ್ತೆ ಎಚ್ಚರವಾಗುವ ಎರಡನೇ ದಿನ ಇಲ್ಲ. ಇವುಗಳಿಗೂ ನಿಯಮಗಳಿವೆ, ಮಕ್ಕಳಿಗೆ ಹೇಳಿಕೊಡಬೇಕಾದದ್ದು ಅವನ್ನು. ಕತ್ತಲಲ್ಲಿ ಬರಿಗಾಲಲ್ಲಿ ನಡೆಯಬೇಡ, ಟಾರ್ಚು ಕಾಲಿನ ಮುಂದೆ ಬಿಡು. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗುವುದಕ್ಕಿಂತ ಮಂಚ, ಸೊಳ್ಳೆಪರದೆ ಒಳ್ಳೆಯದು. ಹಾವು ಕಚ್ಚಿದರೆ ಮಂತ್ರ ಹಾಕಿಸಲು ಹೋಗಬೇಡ, ನೇರ ಆಸ್ಪತ್ರೆ. ಚಿರತೆ ಇರುವ ಕಡೆ ಒಬ್ಬನೇ ಹೋಗಬೇಡ, ಮಾತಾಡುತ್ತಾ ಗುಂಪಾಗಿ ಹೋಗು. ‘ಅಲ್ಲಿ ದೆವ್ವ ಇದೆ’ ಅನ್ನುವುದು ಸುಲಭ. ಆದರೆ ದೆವ್ವಕ್ಕೆ ಹೆದರಿದ ಮಗುವಿಗೆ ಹಾವಿನಿಂದ ತಪ್ಪಿಸಿಕೊಳ್ಳುವುದು ಬರುವುದಿಲ್ಲ.

ಹಾಗಂತ ಎಲ್ಲ ಮಕ್ಕಳ ಕೈಗೂ ಈ ಆಟ ಕೊಡಿ ಅನ್ನುತ್ತಿಲ್ಲ. ರಕ್ತ, ಹೊಡೆತ ಇರುವ ಆಟಗಳಿವು. ಪ್ಲೇಸ್ಟೋರಿನಲ್ಲಿ ಆಟದ ಜೊತೆಗೆ ಯಾವ ವಯಸ್ಸಿನವರಿಗೆ ಅಂತ ತೋರಿಸಿರುತ್ತಾರೆ, ಹಾಕುವ ಮೊದಲು ನೋಡಿ. ಚಿಕ್ಕವರಿಗೆ ಬೇಡವೇ ಬೇಡ. ದೊಡ್ಡ ಮಕ್ಕಳು ಕಟ್ಟೆ ಮೇಲೆ ನಾಲ್ಕು ಜನ ಸೇರಿ ಕಿರುಚಿ ನಗುವುದು ಒಂದು, ಒಬ್ಬನೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಸಿಗೆಯೊಳಗೆ ಆಡುವುದು ಇನ್ನೊಂದು. ನಿದ್ದೆ ಕೆಡುತ್ತಿದ್ದರೆ ನಿಲ್ಲಿಸಿ.

ಆದರೆ ಬೈದು ಫೋನ್ ಕಿತ್ತುಕೊಳ್ಳುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ಕೇಳಿ: ಇದರಲ್ಲಿ ನಿನಗೆ ಎಲ್ಲಿ ಹೆದರಿಕೆಯಾಗುತ್ತದೆ? ಆಮೇಲೆ ಇನ್ನೊಂದು ಪ್ರಶ್ನೆ: ಊರಲ್ಲಿ ಎಲ್ಲಿ ಹೆದರಿಕೆಯಾಗುತ್ತದೆ? ಶಾಲೆಯ ಚಿಲಕವಿಲ್ಲದ ಶೌಚಾಲಯ, ಬಲ್ಬು ಸುಟ್ಟು ಎಷ್ಟೋ ದಿನವಾದ ತಿರುವಿನ ಕಂಬ, ಟ್ಯೂಷನ್ ಮುಗಿಸಿ ಬರುವಾಗ ಕುಡಿದವರು ಕೂತಿರುವ ಬಸ್‌ಸ್ಟಾಪ್ ಅಂತ ಹೇಳಬಹುದು. ಹುಡುಗಿಯರ ಪಟ್ಟಿ ಇನ್ನೂ ಉದ್ದವಿದ್ದೀತು. ಇದ್ಯಾವುದಕ್ಕೂ ತಾಯಿತ ಬೇಕಿಲ್ಲ. ಒಂದಕ್ಕೆ ಚಿಲಕ, ಒಂದಕ್ಕೆ ಬಲ್ಬು, ಒಂದಕ್ಕೆ ಪಂಚಾಯಿತಿಯವರ ಗಟ್ಟಿ ಮಾತು ಬೇಕು.

ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಈ ಸಲ ಅಲ್ಲಿ ಹಾಡು, ಭಾಷಣ ಮುಗಿದ ಮೇಲೆ ಮಕ್ಕಳು ಆ ಪಟ್ಟಿಯನ್ನು ಓದಲಿ. ಪಿಡಿಒ ಬರೆದುಕೊಳ್ಳಲಿ. ಮುಂದಿನ ಸಭೆಯಲ್ಲಿ ಎಷ್ಟು ಕಂಬಕ್ಕೆ ಬಲ್ಬು ಬಂತು ಅಂತ ಅದೇ ಮಕ್ಕಳು ಎದ್ದು ನಿಂತು ಕೇಳಲಿ.