ಆಸರೆಯ ನೆಲ

ನೆಲೆ ತಪ್ಪಿ ಬಂದವನಿಗೆ ಒಂದು ಹೊತ್ತು ಅನ್ನವಿಕ್ಕುವುದು ಸುಲಭ. ಅವನು ತಾನೇ ದುಡಿದು ಉಣ್ಣುವಂತೆ ಮಾಡುವುದು ಕಷ್ಟ. 1959ರಿಂದೀಚೆಗೆ ಹಿಮಾಲಯವನ್ನು ದಾಟಿ ಬಂದ ಟಿಬೆಟನ್ ನಿರಾಶ್ರಿತರಲ್ಲಿ ಅನೇಕರು ಮೊದಲು ಗುಡ್ಡಗಾಡಿನ ರಸ್ತೆ ಕೆಲಸದಲ್ಲಿ ಬೆವರು ಹರಿಸಿದರು. 1960ರಲ್ಲಿ ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಅವರಿಗಾಗಿ ಬಿಟ್ಟುಕೊಟ್ಟಿತು. ಕೇಂದ್ರ ಸರ್ಕಾರ ಹಣದ ನೆರವನ್ನಿತ್ತಿತು. ಚಳಿಯ ನಾಡಿನವರು ಸೆಕೆಯಲ್ಲಿ ಬೆಂದು, ಡೇರೆಗಳಲ್ಲಿ ಮಲಗಿ, ಕಾಡು ಕಡಿದು, ಆನೆಗಳ ಹಾವಳಿಯನ್ನು ಸಹಿಸಿ ಮುಸುಕಿನ ಜೋಳವನ್ನು ಬೆಳೆದರು. 1966ರಲ್ಲಿ ಮುಂಡಗೋಡಿನಲ್ಲಿಯೂ ಇಂತಹುದೇ ವಸತಿ ಏರ್ಪಟ್ಟಿತು.

ಭಿಕ್ಷೆಗೆ ಬದಲಾಗಿ ಭೂಮಿಯನ್ನಿತ್ತದ್ದು ವಿವೇಕವೇ ಸರಿ. ಆದರೆ ಆ ಭೂಮಿ ಗುತ್ತಿಗೆಯದು. ಪೌರತ್ವವಿಲ್ಲದವರು ನೋಂದಣಿ ಪತ್ರವನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬೇಕು. ಇಲ್ಲಿಯೇ ಹುಟ್ಟಿ, ಕನ್ನಡ ಕಲಿತ ಮೊಮ್ಮಗನೂ ಇನ್ನೆಷ್ಟು ಕಾಲ ಅತಿಥಿಯಾಗಿರಬೇಕು?